ಪುಣೆಯ ದಾರಿ, ಧಾರವಾಡದ ಕಾಲೇಜು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಉತ್ತೀರ್ಣನಾದ ಧಾರವಾಡದ ತರುಣನಿಗೆ ಮುಂದಿನ ವಿದ್ಯಾಭ್ಯಾಸವೆಂದರೆ ಪರಸ್ಥಳವಾಸವೆಂದೇ ಅರ್ಥವಾಗಿತ್ತು. 1857ರಲ್ಲಿ ಮುಂಬಯಿ ಮತ್ತು ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದಾಗ, ಆಳರಸರ ಗೆರೆಗಳಿಂದ ಹರಿದು ಹಂಚಿಹೋಗಿದ್ದ ಕನ್ನಡ ನಾಡಿನ ವಿದ್ಯಾರ್ಥಿಗಳೂ ಆ ಗೆರೆಗಳನ್ನೇ ಹಿಡಿದು ದಿಕ್ಕುದಿಕ್ಕಿಗೆ ಹೊರಡಬೇಕಾಯಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳವರು ಪುಣೆ ಮುಂಬಯಿಗಳಿಗೆ, ಮಂಗಳೂರು ಬಳ್ಳಾರಿಗಳವರು ಮದ್ರಾಸಿಗೆ, ಕಲಬುರ್ಗಿ, ರಾಯಚೂರು, ಬೀದರುಗಳವರು ಹೈದರಾಬಾದಿಗೆ ಮುಖಮಾಡಿದರು. ಮನೆಗೆ ಹತ್ತಿರವಾದ ಕಾಲೇಜನ್ನು ಆರಿಸಿಕೊಳ್ಳುವುದೇ, ದೂರದ ದೊಡ್ಡ ಹೆಸರಿನ ಕಾಲೇಜಿಗೆ ಹೋಗುವುದೇ ಎಂಬುದು ಇಂದು ಪ್ರತಿ ಬೇಸಗೆಯಲ್ಲಿಯೂ ಮನೆಮನೆಯ ಚರ್ಚೆಯಾಗಿರುವುದರಿಂದ, ಅಂಥ ಆಯ್ಕೆಯೊಂದು ನಮ್ಮ ಹಿರಿಯರಿಗೆ ಬಹುಕಾಲ ಇರಲೇ ಇಲ್ಲವೆಂಬುದೂ, ಅದನ್ನು ಸಂಪಾದಿಸಲು ಎರಡು ಮೂರು ತಲೆಮಾರುಗಳ ಜನ ಶ್ರಮಿಸಿದರೆಂಬುದೂ ಸುಲಭವಾಗಿ ಮರೆತುಹೋಗುತ್ತದೆ.

ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಜಿಲ್ಲೆಗಳವರಿಗೆ ಪುಣೆಯೇ ವಿದ್ಯೆಯ ಮುಖ್ಯ ಕ್ಷೇತ್ರವಾಗಿತ್ತು. 1821ರ ಸಂಸ್ಕೃತ ಪಾಠಶಾಲೆಯಿಂದ ಬೆಳೆದುಬಂದ ಡೆಕ್ಕನ್ ಕಾಲೇಜೂ, 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜೂ ಅಲ್ಲಿದ್ದವು. ವೈದ್ಯಕ್ಕೆ, ವಕೀಲಿಗೆ ಮುಂಬಯಿಯ ತನಕ ಹೋಗಬೇಕಾಗುತ್ತಿತ್ತು. ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿಗಳು ಈ ಭಾಗಕ್ಕೆ ಬರುವ ಮೊದಲು ಆ ಪ್ರಯಾಣ ಚಕ್ಕಡಿಯ ಮೇಲೂ ಕಾಲ್ನಡಿಗೆಯಲ್ಲೂ ದಿನಗಟ್ಟಲೆ ನಡೆಯುವಂಥದು. ಹಳಿಗಳು ಬಂದ ಮೇಲೆ ದಾರಿಯ ಆಯಾಸ ಕಡಿಮೆಯಾಯಿತೇ ಹೊರತು, ದೂರದ ಊರಿನಲ್ಲಿ ವರುಷಗಟ್ಟಲೆ ಇರುವ ವೆಚ್ಚವೇನೂ ಕಡಿಮೆಯಾಗಲಿಲ್ಲ. ಪ್ರೀವಿಯಸ್, ಇಂಟರ್, ಬಿ.ಎ. ಎಂದು ಸೋಪಾನಗಳನ್ನು ಹತ್ತುವ ತನಕ ಕಾಲೇಜಿನ ಫೀ, ಪುಸ್ತಕ, ಕೋಣೆಯ ಬಾಡಿಗೆ, ಖಾನಾವಳಿಯ ಊಟ, ರಜೆಗಳಲ್ಲಿ ಊರಿಗೆ ಬಂದುಹೋಗುವ ಗಾಡಿಯ ದುಡ್ಡು ಇಷ್ಟನ್ನೂ ಹೊಂದಿಸಬಲ್ಲವರು ಯಾರು? ವತನದಾರರು, ದೇಸಾಯರು, ಸರಕಾರಿ ನೌಕರಿಯ ಸಂಬಳವುಳ್ಳವರು, ಪುಣೆಯಲ್ಲಿ ಬಂಧುಬಳಗವುಳ್ಳವರು. ಮಳೆಯನ್ನು ನಂಬಿ ಜೋಳ ಬಿತ್ತುವ ಒಕ್ಕಲಿಗನ ಮಗ ಕನ್ನಡ ಶಾಲೆಯ ಕೊನೆಯ ಪರೀಕ್ಷೆಯಾದ ಮುಲ್ಕಿಯನ್ನು ಎಷ್ಟೇ ಚೆನ್ನಾಗಿ ಪಾಸು ಮಾಡಿದ್ದರೂ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಸೇರಿ ಕನ್ನಡ ಶಾಲೆಯ ಮಾಸ್ತರನಾಗುವುದೇ ಅವನ ಉನ್ನತಿಯ ಮೇರೆಯಾಗಿತ್ತು. ವಿಶ್ವವಿದ್ಯಾಲಯ ನಡೆಸುತ್ತಿದ್ದ ಪ್ರವೇಶ ಪರೀಕ್ಷೆಗಿಂತ ಕಠಿಣವಾದ ಇನ್ನೊಂದು ಪರೀಕ್ಷೆಯನ್ನು ದೂರವೆಂಬುದೇ ನಡೆಸುತ್ತಿತ್ತು. ಅದರಲ್ಲಿ ಅನುತ್ತೀರ್ಣರಾದವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಉಳಿಯಲಿಲ್ಲ.

ಬಡವನಾದರೂ ಹಠ ಹಿಡಿದು ಹೊರಟ ಹುಡುಗನಿಗೆ ಆಗ ಇದ್ದ ಒಂದು ಆಸರೆಯೆಂದರೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಂಡು ಓದುವ ಈ ಪದ್ಧತಿ ಪುಣೆಯಲ್ಲಿ ಹೇಗೋ ಹಾಗೆ ಮೈಸೂರು ಬೆಂಗಳೂರುಗಳಲ್ಲಿಯೂ ಬಳಕೆಯಲ್ಲಿತ್ತು. ಏಳನೆಯ ಮನೆ ಸಿಕ್ಕದವನು ಆ ದಿನ ಉಪವಾಸವಿರುವುದೂ, ಮನೆಯವರಿಗೆ ಮೈಲಿಗೆ ಬಂದಾಗಲೋ ನೆಂಟರು ಬಂದಾಗಲೋ ಬರಿ ಹೊಟ್ಟೆಯಲ್ಲಿ ಹಿಂದಿರುಗುವುದೂ ಸಾಮಾನ್ಯವಾಗಿತ್ತು. ಅನ್ನವಿಕ್ಕಿದ ಗೃಹಿಣಿಯರ ಔದಾರ್ಯವನ್ನು ಕೃತಜ್ಞತೆಯಿಂದ ನೆನೆಯತಕ್ಕದ್ದೇ. ಆದರೆ ಆ ಔದಾರ್ಯಕ್ಕೆ ಪಂಕ್ತಿಯ ಗಡಿಯೊಂದಿತ್ತು. ಬ್ರಾಹ್ಮಣನಲ್ಲದ ಹುಡುಗನಿಗೆ ವಾರಾನ್ನದ ಬಾಗಿಲು ತೆರೆಯುತ್ತಿರಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರಾಠ, ಜೈನ, ಲಿಂಗಾಯತ ಮೊದಲಾದ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗಾಗಿ ವಸತಿಗೃಹಗಳನ್ನು ಏರ್ಪಡಿಸಿದುದರ ಮಹತ್ವ ಇಲ್ಲಿಯೇ ಇದೆ. ರಾಜಾರಾಮ ಕಾಲೇಜಿದ್ದ ಕೊಲ್ಲಾಪುರ ಪುಣೆಗಿಂತ ಹತ್ತಿರವಾದುದರಿಂದ ಗಡಿಭಾಗದ ಕನ್ನಡಿಗರು ಅನೇಕರು ಅಲ್ಲಿಗೆ ಹೋದರು. ಮುಂದೆ ಭಾರತದ ಉಪರಾಷ್ಟ್ರಪತಿಯಾದ ಬಿ.ಡಿ. ಜತ್ತಿಯವರು ಪದವಿಯನ್ನೂ ವಕೀಲಿಯನ್ನೂ ಓದಿದ್ದು ಕೊಲ್ಲಾಪುರದಲ್ಲಿಯೇ.

ದೂರದ ವಿದ್ಯೆ ಕೊಟ್ಟುದನ್ನು ಮರೆಮಾಚಿ ಅದು ಕಸಿದುಕೊಂಡುದನ್ನಷ್ಟೇ ಎಣಿಸುವುದು ನ್ಯಾಯವಲ್ಲ. ಆಲೂರು ವೆಂಕಟರಾಯರು ಫರ್ಗ್ಯುಸನ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮಹಾರಾಷ್ಟ್ರದ ತರುಣರಲ್ಲಿ ತಮ್ಮ ನಾಡುನುಡಿಗಳ ವಿಷಯವಾಗಿ ಉಕ್ಕುತ್ತಿದ್ದ ಅಭಿಮಾನವನ್ನು ಹತ್ತಿರದಿಂದ ಕಂಡರು, ಫ.ಗು. ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗುಜರಾತಿ, ಮರಾಠಿ ಸಹಪಾಠಿಗಳ ಭಾಷಾಪ್ರೇಮವನ್ನು ಕಂಡರು. ತಮ್ಮದೇನು ಎಂಬ ಪ್ರಶ್ನೆ ಇಬ್ಬರಲ್ಲಿಯೂ ಅಲ್ಲಿ ತೀವ್ರವಾಗಿ ಹುಟ್ಟಿತು. ಒಬ್ಬರು ಧಾರವಾಡಕ್ಕೆ ಹಿಂದಿರುಗಿ ಕರ್ನಾಟಕದ ಏಕೀಕರಣಕ್ಕೆ ಬದುಕನ್ನು ಮೀಸಲಿಟ್ಟರು. ಇನ್ನೊಬ್ಬರು ಬಿಜಾಪುರದಲ್ಲಿ ನೆಲೆಸಿ ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಹುಡುಕಿ, ಪರಿಷ್ಕರಿಸಿ, ಪ್ರಕಟಿಸಿದರು. ಅದಕ್ಕೂ ಮೊದಲು, 1910ರಲ್ಲಿ, ವಿದ್ಯಾಪ್ರಸಾರಕ್ಕಾಗಿ ಅಲ್ಲೊಂದು ಸಂಸ್ಥೆಯನ್ನೂ ಕಟ್ಟಿದ್ದರು. ಪರಸ್ಥಳದಲ್ಲಿ ನಿಂತು ನೋಡದಿದ್ದರೆ ಸ್ವಸ್ಥಳದ ದೈನ್ಯ ಇಷ್ಟು ಸ್ಪಷ್ಟವಾಗಿ ಅವರಿಗೆ ಕಾಣುತ್ತಿತ್ತೋ ಇಲ್ಲವೋ. ಆದರೂ ಹೀಗೆ ಹೋಗಿ ಹೀಗೆ ಹಿಂದಿರುಗಿದವರು ವಿರಳ. ಹೋದವರಲ್ಲಿ ಬಹುಮಂದಿ ಅಲ್ಲಿಯ ನೌಕರಿಯನ್ನೂ ಅಲ್ಲಿಯ ನುಡಿಯನ್ನೂ ಹಿಡಿದು ಅಲ್ಲಿಯವರೇ ಆಗಿಹೋದರು.

ಧಾರವಾಡದಲ್ಲಿಯೇ ಒಂದು ಕಾಲೇಜು ಬೇಕೆಂಬ ಬೇಡಿಕೆ ಬೆಳೆದುದು ಈ ಹಿನ್ನೆಲೆಯಲ್ಲಿ. 1890ರಲ್ಲಿ ರಾ.ಹ. ದೇಶಪಾಂಡೆಯವರ ನೇತೃತ್ವದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದ ಕೆಲಸಕ್ಕೆ ಊರಿನಲ್ಲಿ ಒಂದು ಕೇಂದ್ರವನ್ನು ಒದಗಿಸಿತ್ತು. ಹೈಸ್ಕೂಲುಗಳು ಹೆಚ್ಚಿ ಮೆಟ್ರಿಕ್ ಆದವರ ಸಂಖ್ಯೆ ವರ್ಷೇವರ್ಷೇ ಏರುತ್ತಿತ್ತು. ಆದರೂ ಪ್ರತಿ ಜಿಲ್ಲೆಯ ಸುತ್ತಮುತ್ತ ಒಂದೊಂದು ಕಾಲೇಜು ತೆರೆಯುವ ಆತುರ ಮುಂಬಯಿ ಸರಕಾರಕ್ಕೆ ಇರಲಿಲ್ಲ. ಜನರೇ ಹಣ ಕೂಡಿಸಿ ಮುಂದೆ ಬಂದರೆ ಮಾತ್ರ ಕೆಲಸ ಸಾಗುವಂತಿತ್ತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರು ಈ ನಿಧಿಸಂಗ್ರಹದ ಹೊಣೆಯನ್ನು ಹೊತ್ತರು. ಒಬ್ಬರು ಬ್ರಾಹ್ಮಣರು, ಒಬ್ಬರು ಲಿಂಗಾಯತರು. ಸಮಾಜಗಳ ನಡುವೆ ಸಂಶಯ ಮೂಡತೊಡಗಿದ್ದ ಆ ಕಾಲದಲ್ಲಿ ಇವರು ಒಂದೇ ಕಾರ್ಯಕ್ಕೆ ಹೆಗಲುಕೊಟ್ಟುದು ಸಣ್ಣ ಮಾತಲ್ಲವೆಂದೇ ನನ್ನ ಅಭಿಪ್ರಾಯ. 1917ರ ಜೂನ್ ತಿಂಗಳಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಆಲೂರರ ‘ಕರ್ನಾಟಕ ಗತವೈಭವ’ ಪ್ರಕಟವಾದುದೂ ಅದೇ ವರ್ಷ.

ಆ ಕಾಲೇಜಿಗೆ ಒದಗಿದ ಕಟ್ಟಡದ ಕಥೆಯೂ ಗಮನಾರ್ಹವಾದುದು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಕಲ್ಲಿನಲ್ಲಿ ಕಟ್ಟಿದ ವಿಸ್ತಾರವಾದ, ಗಂಭೀರವಾದ ಭವನ. 1908ರಲ್ಲಿ ಆ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಒಂದಾಗಿ, ಆಡಳಿತವು ಮದ್ರಾಸಿಗೆ ಸಾಗಿದ್ದರಿಂದ ಊರು ಅನೇಕ ನೌಕರಿಗಳನ್ನು ಕಳೆದುಕೊಂಡಿತು. ಆ ಭವನವೇ ಮುಂದೆ ಕಾಲೇಜಿನ ಪಾಲಿಗೆ ಬಂದಿತು. ಹೊಲಮನೆ ಅಡವಿಟ್ಟು ಪುಣೆಗೆ ಹೊರಟ ಹುಡುಗರನ್ನು ಹೊತ್ತೊಯ್ಯುತ್ತಿದ್ದ ಗಾಡಿಗಳ ವೇಳಾಪತ್ರಿಕೆ ಸಿದ್ಧವಾಗುತ್ತಿದ್ದ ಕೋಣೆಗಳಲ್ಲಿ, ಹಾಗೆ ಹೊರಡಬೇಕಾದ ಅಗತ್ಯವಿಲ್ಲದ ಅವರ ತಮ್ಮಂದಿರು ಕುಳಿತು ತರ್ಕಶಾಸ್ತ್ರವನ್ನೂ ಗಣಿತವನ್ನೂ ಓದುವಂತಾಯಿತು.

ದ.ರಾ. ಬೇಂದ್ರೆಯವರು ಫರ್ಗ್ಯುಸನ್ನಿನಿಂದ ಬಿ.ಎ. ಪದವಿ ಪಡೆದದ್ದು 1918ರಲ್ಲಿ. ಎಂದರೆ ಧಾರವಾಡದಲ್ಲಿ ಹುಟ್ಟಿಯೂ ಪುಣೆಗೆ ಹೋಗದೆ ಗತ್ಯಂತರವಿಲ್ಲದಿದ್ದ ಕೊನೆಯ ಪೀಳಿಗೆ ಅವರದು. ಅವರಿಗಿಂತ ಹದಿಮೂರು ವರ್ಷ ಕಿರಿಯರಾದ, ಸವಣೂರಿನ ವಿ.ಕೃ. ಗೋಕಾಕರು ಕರ್ನಾಟಕ ಕಾಲೇಜಿಗೆ ಸೇರಿದರು. ಕಾಲೇಜಿನಲ್ಲಿ ಆಂಗ್ಲ ಸಾಹಿತ್ಯವನ್ನು ಓದುತ್ತಿದ್ದ ತರುಣನಿಗೆ ಅದೇ ಊರಿನ ಸಾಧನಕೇರಿಯಲ್ಲಿ ಬೇಂದ್ರೆಯಂಥವರು ದೊರೆತುದರಿಂದ, ‘ಗೆಳೆಯರ ಗುಂಪು’ ಎಂಬ ಅವರ ಸಾಹಿತ್ಯಬಳಗದ ಸಹವಾಸ ಲಭಿಸಿದುದರಿಂದ, ಗೋಕಾಕರ ಪ್ರತಿಭೆ ಕನ್ನಡದ ಕಡೆಗೆ ಹೊರಳಿತು. ಮನೆಗೆ ಸಮೀಪವಾದ ಕಾಲೇಜಿನ ಲಾಭವನ್ನು ಹಣದ ಉಳಿತಾಯದಿಂದ ಮಾತ್ರ ಅಳೆಯುವವರು ಈ ಸಂಗತಿಯನ್ನು ಪರ್ಯಾಲೋಚಿಸಬೇಕು. ಕಾಲೇಜಿನ ಗೋಡೆಗಳಾಚೆಗಿನ ಊರು ಕೂಡ ಪಾಠ ಹೇಳುತ್ತದೆ. ಆ ಊರಿನ ನುಡಿ ತನ್ನ ನುಡಿಯಾಗಿದ್ದರೆ ವಿದ್ಯಾರ್ಥಿ ಆ ಪಾಠವನ್ನು ಪೂರ್ಣವಾಗಿ ಕೇಳಿಸಿಕೊಳ್ಳಬಲ್ಲನು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಲಂಡನ್ನಿಗೆ ಹೋಗಿಬಂದ ಆದ್ಯ ರಂಗಾಚಾರ್ಯರು ಇದೇ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸುತ್ತ, ‘ಶ್ರೀರಂಗ’ರಾಗಿ ಕನ್ನಡ ನಾಟಕಗಳನ್ನು ಬರೆದರು. ದೂರದಲ್ಲಿ ಕಲಿತವರು ಹತ್ತಿರದಲ್ಲಿ ಕಲಿಸುವುದಕ್ಕೂ ಒಂದು ಸ್ಥಾನ ಬೇಕಲ್ಲವೆ?

ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ಬಡತನದಲ್ಲಿ ಬೆಳೆದು, ಧಾರವಾಡದಲ್ಲಿ ಓದಿ, ಅಲ್ಲಿಂದ ಕೇಂಬ್ರಿಜ್ಜಿಗೆ ಹೋಗಿ ಗಣಿತದ ಪದವಿಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದು ರ್‍ಯಾಂಗ್ಲರ್ ಆದರು. ಸಮೀಪದ ಕಾಲೇಜು ಹುಡುಗರನ್ನು ಕೂಪಮಂಡೂಕರನ್ನಾಗಿಸುತ್ತದೆಂಬ ಆಕ್ಷೇಪಕ್ಕೆ ಇದಕ್ಕಿಂತ ಉತ್ತಮವಾದ ಉತ್ತರ ಬೇಡ. ದಾರಿ ತಿರುಗಿ ಬಂದುದೂ ಉಂಟು: ಸಾತಾರೆಯಲ್ಲಿ ಹುಟ್ಟಿ, ಮುಂದೆ ಭಾರತದ ಮುಖ್ಯ ನ್ಯಾಯಾಧೀಶರಾದ ಪಿ.ಬಿ. ಗಜೇಂದ್ರಗಡಕರರು ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗುವ ಮುನ್ನ ಎರಡು ವರ್ಷ ಓದಿದ್ದು ಧಾರವಾಡದ ಈ ಕಾಲೇಜಿನಲ್ಲಿ. ಸುತ್ತಲಿನ ಹಳ್ಳಿಗಳಿಂದ ಬಂದ ರೈತರ ಮಕ್ಕಳಿಗೆ ಮುರುಘಾಮಠದ ಉಚಿತ ಪ್ರಸಾದನಿಲಯದಂಥ ಆಶ್ರಯಗಳು ಅನ್ನ ವಸತಿಗಳನ್ನು ಒದಗಿಸಿದವು. ವಾರಕ್ಕೊಮ್ಮೆ ಊರಿನಿಂದ ರೊಟ್ಟಿಯ ಗಂಟು ತರಿಸಿಕೊಂಡು ಕೋಣೆಯಲ್ಲಿಯೇ ಕಾಲ ಕಳೆದವರೂ ಇದ್ದರು. ರೊಟ್ಟಿಯ ಗಂಟು ಕೆಡದೆ ತಲುಪುವಷ್ಟು ದೂರದಲ್ಲಿ ಕಾಲೇಜು ಇರುವುದೆಂದರೆ ಏನೆಂಬುದನ್ನು ಆ ಕುಟುಂಬಗಳೇ ಬಲ್ಲವು. ಪುಣೆಗೆ ಒಬ್ಬಳನ್ನೇ ಕಳಿಸುವ ಯೋಚನೆಯನ್ನೂ ಮಾಡದಿದ್ದ ಮನೆಗಳಿಂದ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದೂ ಈ ಸಾಮೀಪ್ಯದಿಂದಲೇ.

ಮೈಸೂರು ಸಂಸ್ಥಾನದ ಸ್ಥಿತಿ ಬೇರೆಯಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಮೊದಲಿನಿಂದಲೇ ಇದ್ದುವಾದರೂ ಪದವಿ ಕೊಡುವ ಅಧಿಕಾರ ಮದ್ರಾಸಿನದಾಗಿತ್ತು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಎಂ. ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಓದಲು ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಗೇ ಹೋದರು. ಅವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ, ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಸ್ಥಾಪನೆಯಾದವು. ವಕೀಲಿಗೆ ಮಾತ್ರ ಬಹುಕಾಲ ಹೊರಗೇ ಹೋಗಬೇಕಾಗಿದ್ದುದರಿಂದ, ಎಸ್. ನಿಜಲಿಂಗಪ್ಪನವರೂ ಸೆಂಟ್ರಲ್ ಕಾಲೇಜಿನ ಬಳಿಕ ಪುಣೆಯ ದಾರಿಯನ್ನೇ ಹಿಡಿದರು.

ಇತ್ತ ಮುಂಬಯಿ ಇಲಾಖೆಯ ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ತರುಣ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ಲಿಂಗರಾಜ ಕಾಲೇಜನ್ನು ತೆರೆಯಿತು. ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಮೃತ್ಯುಪತ್ರದ ಮೂಲಕ ಬಿಟ್ಟುಹೋದ ಶಿರಸಂಗಿಯ ದೇಸಾಯಿ ಲಿಂಗರಾಜರ ಹೆಸರನ್ನು ಅದು ಹೊತ್ತಿದೆ. 1939ರಲ್ಲಿ ಅಲ್ಲಿಯೇ ಕಾನೂನು ಕಾಲೇಜೂ ಬಂದಿತು. ಸರಕಾರ ಮಾಡದ್ದನ್ನು ಒಂದು ಸಂಸ್ಥಾನಿಕ ಮನೆತನದ ದಾನ, ಏಳು ಜನ ಮಾಸ್ತರರ ತ್ಯಾಗ, ಊರವರ ವಂತಿಗೆಗಳು ಸೇರಿ ಮಾಡಿದವು.

ಇಷ್ಟಾದರೂ ಪರೀಕ್ಷೆ ಮುಂಬಯಿಯದು, ಪಠ್ಯಕ್ರಮ ಮುಂಬಯಿಯದು. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಸ್ಥಾಪನೆಯಾದದ್ದೂ ಮೊದಲು ಮುಂಬಯಿಯಲ್ಲಿಯೇ. 1950ರ ಮಾರ್ಚಿನಲ್ಲಿ ಧಾರವಾಡದಲ್ಲಿ ಅದರ ಉದ್ಘಾಟನೆಯಾಯಿತು. ಕೇಂಬ್ರಿಜ್ಜಿನಿಂದ ಮರಳಿದ್ದ ಪಾವಟೆಯವರು 1954ರಿಂದ 1967ರ ವರೆಗೆ ಅದರ ಕುಲಪತಿಗಳಾಗಿ ಅದನ್ನು ಬೆಳೆಸಿದರು.

ಹೈದರಾಬಾದ್ ಸಂಸ್ಥಾನದ ಕನ್ನಡಿಗರಿಗೆ ಈ ಭಾಗ್ಯ ಬೇಗನೆ ಒದಗಲಿಲ್ಲ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದು, ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣ ಕೊಡುವ ಸಾಹಸ ಮಾಡಿತು. ಆ ದೇಶಭಾಷೆ ಉರ್ದುವಾದುದರಿಂದ ಕನ್ನಡ ಮನೆಯ ಹುಡುಗನಿಗೆ ಅದು ಆಂಗ್ಲದಷ್ಟೇ ಪರಕೀಯವಾಗಿತ್ತು. ಕಲಬುರ್ಗಿಯಲ್ಲಿದ್ದ ಕಾಲೇಜು ಇಂಟರ್ ತನಕ ಮಾತ್ರ ಕರೆದೊಯ್ಯುತ್ತಿತ್ತು. ಅನಂತರ ಹೈದರಾಬಾದ್ ಅನಿವಾರ್ಯ. ಆ ಭಾಗ ಕನ್ನಡ ನಾಡಿಗೆ ಸೇರಿದ ಮೇಲೆ, 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಐದು ವರ್ಷಗಳಲ್ಲಿ ಕಲಬುರ್ಗಿಯಲ್ಲೊಂದು ವೈದ್ಯಕೀಯ ಕಾಲೇಜು ಬಂದಿತು. ಧಾರವಾಡದ ವಿಶ್ವವಿದ್ಯಾಲಯ 1970ರಲ್ಲಿ ಕಲಬುರ್ಗಿಯಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಹತ್ತು ವರ್ಷಗಳ ಮೇಲೆ, 1980ರಲ್ಲಿ, ಆ ಕೇಂದ್ರವೇ ಗುಲ್ಬರ್ಗ ವಿಶ್ವವಿದ್ಯಾಲಯವಾಯಿತು. ಬೀದರಿನ ಹುಡುಗನಿಗೆ ಎಂ.ಎ. ಓದಲು ಹೈದರಾಬಾದೋ ಧಾರವಾಡವೋ ಎಂದು ತಡಕಾಡುವ ಕಷ್ಟ ತಪ್ಪಿದ್ದು ಆಗ. ಧಾರವಾಡದ ಹುಡುಗನಿಗೆ ಪುಣೆಯ ಗಾಡಿ ಹತ್ತುವ ಕಷ್ಟ ತಪ್ಪಿ ಅಷ್ಟು ಹೊತ್ತಿಗೆ ಅರುವತ್ತು ವರ್ಷಗಳು ಮೀರಿದ್ದವು.