‘ರೆ’ ಎಂಬ ಒಂದಕ್ಷರದ ಷರತ್ತು

ಕನ್ನಡ ಮೀಡಿಯಮ್ಮಿನವರಿಗೆ ಇಂಗ್ಲಿಷಿನ ‘ಇಫ್’ ವಾಕ್ಯ ಬರಲ್ಲ ಅನ್ನೋ ಮಾತು ಬೆಂಗಳೂರಿನ ಆಫೀಸುಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರು ಅದನ್ನೇ ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಕಂಡೀಶನಲ್ ಅಂತ ನಾಲ್ಕು ಡಬ್ಬಿಗಳಲ್ಲಿ ತುಂಬಿ ಮಾರುತ್ತಾರೆ. ನನಗೆ ಈ ಮಾತಿನ ಮೇಲೆ ತಕರಾರಿದೆ. ಷರತ್ತು ಹಾಕಿ ಮಾತಾಡುವುದನ್ನು ನಾವು ಯಾರಿಂದಲೂ ಹೊಸದಾಗಿ ಕಲಿಯಬೇಕಿಲ್ಲ. ಸಾವಿರ ವರ್ಷದಿಂದ ಆ ಕೆಲಸಕ್ಕೆ ನಮ್ಮ ಹತ್ತಿರ ಒಂದು ಪುಟ್ಟ ಪ್ರತ್ಯಯ ಇದೆ. ಈಗ ಅದು ಸವೆದು ಸವೆದು ಒಂದೇ ಅಕ್ಷರವಾಗಿದೆ: ‘ರೆ’.

ನಮ್ಮೂರು ಕುಂದಾಪುರ ತಾಲೂಕಿನ ಶಂಕರನಾರಾಯಣ. ಒಂದೇ ಗುಡಿಯಲ್ಲಿ ಶಂಕರನೂ ನಾರಾಯಣನೂ ಇರುವ ಊರು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ ಊರಿನ ಹೆಸರೇ ಒಂದು ‘ಆ್ಯಂಡ್’ ಕಂಡೀಶನ್. ಆದರೆ ಊರಿನ ಮಾತು ನಡೆಯೋದು ‘ಇಫ್’ ಮೇಲೆ, ಅದರಲ್ಲೂ ಮಳೆಗಾಲದಲ್ಲಿ. ‘ಮಳಿ ಬಂದ್ರೆ ಹೊಳಿ ದಾಟುಕಾತಿಲ್ಲೆ’ ಅನ್ನುವವರಿಗೆ ತಾವೊಂದು ಕಂಡೀಶನಲ್ ಸೆಂಟೆನ್ಸ್ ಹೇಳಿದೆವು ಅಂತ ಗೊತ್ತಿರಬೇಕಾಗಿಲ್ಲ.

ಈ ‘ಬಂದ್ರೆ’ಯ ಜಾತಕ ತೆಗೆದರೆ ಮಜಾ ಇದೆ. ಹಳಗನ್ನಡದಲ್ಲಿ ಅದು ‘ಬಂದೊಡೆ’. 10ನೇ ಶತಮಾನದ ಪಂಪ ಬನವಾಸಿಯನ್ನು ನೆನೆದು ಬರೆದ ಹೆಸರಾಂತ ಪದ್ಯ ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ಅದರಲ್ಲಿ ಸಾಲುಸಾಲಾಗಿ ಬರುವ ‘ಒಡಂ’ ಇದೇ ಮನೆತನದ್ದು. ನಡುಗನ್ನಡಕ್ಕೆ ಬಂದಾಗ ‘ಬಂದಡೆ’ ಆಯಿತು, ವಚನಗಳಲ್ಲಿ ಈ ರೂಪ ಧಾರಾಳವಾಗಿ ಸಿಗುತ್ತದೆ. ಆಮೇಲೆ ‘ಡ’ ಜಾರಿ ‘ರ’ ಆಗಿ ‘ಬಂದರೆ’. ನಮ್ಮ ಕುಂದಾಪ್ರ ಕಡೆ ನಡುವಿನ ಸ್ವರವನ್ನೂ ನುಂಗಿ ‘ಬಂದ್ರೆ’.

ಈ ಪ್ರತ್ಯಯವನ್ನು ಬಿಚ್ಚಿ ನೋಡುವ ಕೆಲಸ ಹೊರಗಿನವರೂ ಮಾಡಿದರು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸಿರಾಂಪುರದಲ್ಲಿ ಅಚ್ಚಾಯಿತು. ಮೆಕೆರೆಲ್‌ನದು 1820ರಲ್ಲಿ ಮದರಾಸಿನಲ್ಲಿ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟ ಮೇಲೆ, 1903ರಲ್ಲಿ ಮಂಗಳೂರಿನಿಂದ ಅವರ ವ್ಯಾಕರಣವೂ ಬಂತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು, ಇಂಗ್ಲಿಷಿನಲ್ಲಿ ವಿವರಿಸಿದ ಪುಸ್ತಕ ಅದು. ಈ ಪುಸ್ತಕಗಳೆಲ್ಲ ಇಂಗ್ಲಿಷ್ ಬಲ್ಲವರನ್ನು ಕನ್ನಡಕ್ಕೆ ದಾಟಿಸಲು ಕಟ್ಟಿದ ಸೇತುವೆಗಳು. ಸೇತುವೆ ಅಂದಮೇಲೆ ಆ ಕಡೆಯಿಂದಲೂ ಬರಬಹುದು, ಈ ಕಡೆಯಿಂದಲೂ ಹೋಗಬಹುದು. ನಮ್ಮನ್ನು ಯಾರೂ ಅದರ ಮೇಲೆ ನಡೆಸಲಿಲ್ಲ, ಅಷ್ಟೇ.

ನಮಗೆ ಸಿಕ್ಕಿದ್ದು ರೆನ್ ಆ್ಯಂಡ್ ಮಾರ್ಟಿನ್. ಬ್ರಿಟಿಷರ ಕಾಲದಲ್ಲಿ, 1930ರ ದಶಕದಲ್ಲಿ ಬಂದ ಪುಸ್ತಕ. ಒಳ್ಳೆಯದೇ, ಆದರೆ ಓದುವವನ ಮನೆಮಾತು ಯಾವುದು ಎಂದು ಅದು ಕೇಳುವುದಿಲ್ಲ. ನಮ್ಮ ಕಾಲಕ್ಕೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ 5ನೇ ಕ್ಲಾಸಿಗೆ. 1ನೇ ಕ್ಲಾಸಿಗೆ ಬಂದದ್ದು 2007ರ ಹೊತ್ತಿಗೆ. ಐದು ವರ್ಷದಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಬೇಕಿತ್ತು. ಹಾಗಾಗಿ ಎಲ್ಲ ಬಾಯಿಪಾಠ.

ಈಗ ಸೇತುವೆಯನ್ನು ಈ ಕಡೆಯಿಂದ ದಾಟಿ ನೋಡೋಣ.

‘ಮಳೆ ಬಂದರೆ ಹೋಗುವುದಿಲ್ಲ.’ ಮಳೆ ಬರಬೇಕಾದ್ದು ನಾಳೆ. ಆದರೆ ‘ರೆ’ ಅಂಟಿಕೊಂಡಿರುವುದು ‘ಬಂದ’ ಎಂಬ ಭೂತಕಾಲದ ರೂಪಕ್ಕೆ. ‘ಬರುವುದಾದರೆ’ ಅಂದರೂ ಕೊನೆಗೆ ಬಂದು ಕೂರುವುದು ‘ಆದ’ ತಾನೇ? ಇಂಗ್ಲಿಷೂ ಹೀಗೇ, ‘ಇಫ್’ ಇರುವ ಅರ್ಧಕ್ಕೆ ಸಾಮಾನ್ಯವಾಗಿ ‘ವಿಲ್’ ಸೇರಿಸುವುದಿಲ್ಲ. ‘ಇಫ್ ಇಟ್ ರೇನ್ಸ್, ಐ ವೋಂಟ್ ಗೋ.’ ಷರತ್ತಿನ ಅರ್ಧದಲ್ಲಿ ಭವಿಷ್ಯತ್ತಿಗೆ ಜಾಗ ಇಲ್ಲ ಅನ್ನೋದರಲ್ಲಿ ಎರಡೂ ಭಾಷೆ ಒಂದೇ.

‘ಬೇಗ ಬಂದಿದ್ದರೆ ಬಸ್ಸು ಸಿಗುತ್ತಿತ್ತು.’ ಇದನ್ನು ಬಿಚ್ಚಿ: ಬಂದಿದ್ದ, ರೆ. ‘ಬಂದಿದ್ದ’ ಅಂದರೆ ‘ಹ್ಯಾಡ್ ಕಮ್’, ‘ರೆ’ ಅಂದರೆ ‘ಇಫ್’. ಅವರ ಥರ್ಡ್ ಕಂಡೀಶನಲ್‌ನ ಮೊದಲರ್ಧ ನಮ್ಮ ಒಂದೇ ಪದದಲ್ಲಿ ಇದೆ. ಇನ್ನು ‘ತ್ತಿತ್ತು’ ಇರುವ ಕಡೆ ‘ವುಡ್’ ಇಡಿ. ‘ಇಫ್ ಐ ವುಡ್ ಹ್ಯಾವ್ ಕಮ್’ ಅಂತ ತುಂಬ ಜನ ಹೇಳುತ್ತಾರಲ್ಲ, ಆ ‘ವುಡ್’ ಅಲ್ಲಿ ಯಾಕೆ ಸೇರಲ್ಲ ಅಂತ ಕನ್ನಡವೇ ಹೇಳಿಕೊಡುತ್ತದೆ. ‘ತ್ತಿತ್ತು’ ಇರುವುದು ಬಸ್ಸಿನ ಹತ್ತಿರ, ನಮ್ಮ ಹತ್ತಿರ ಅಲ್ಲ.

ನಿಜವಾದ ಕಷ್ಟ ಇರುವುದು ಬೇರೆ ಕಡೆ. ‘ದುಡ್ಡಿದ್ದರೆ ಕೊಳ್ಳುತ್ತೇನೆ’, ‘ದುಡ್ಡಿದ್ದರೆ ಕೊಳ್ಳುತ್ತಿದ್ದೆ’ ಎರಡನ್ನೂ ನೋಡಿ. ಮೊದಲರ್ಧ ಒಂದೇ. ದುಡ್ಡು ಇದೆಯೋ ಇಲ್ಲವೋ ಎಂಬ ಸುಳಿವು ಸಿಗುವುದು ಕೊನೆಯ ಕ್ರಿಯಾಪದದಲ್ಲಿ. ಇಂಗ್ಲಿಷಿನವರಿಗೆ ಅಷ್ಟು ತಾಳ್ಮೆ ಇಲ್ಲ. ‘ಇಫ್ ಐ ಹ್ಯಾವ್’ ಅಂದರೆ ಇದ್ದರೂ ಇರಬಹುದು, ‘ಇಫ್ ಐ ಹ್ಯಾಡ್’ ಅಂದರೆ ಇಲ್ಲ ಎಂದೇ ಅರ್ಥ. ಇನ್ನೊಂದು ವಿಷಯ: ‘ಕೊಳ್ಳುತ್ತಿದ್ದೆ’ ಇವತ್ತಿನ ಮಾತೋ ಹೋದ ವರ್ಷದ ಮಾತೋ ಅನ್ನೋದನ್ನು ಕನ್ನಡ ಸಂದರ್ಭಕ್ಕೆ ಬಿಡುತ್ತದೆ. ಇಂಗ್ಲಿಷಿನಲ್ಲಿ ಇವತ್ತಿಗೆ ‘ವುಡ್ ಬೈ’, ಹೋದ ವರ್ಷಕ್ಕೆ ‘ವುಡ್ ಹ್ಯಾವ್ ಬಾಟ್’.

ಇದು ಬರೀ ವ್ಯಾಕರಣದ ಮಾತಲ್ಲ. ಸರ್ವರ್ ಬಿದ್ದ ಮಾರನೇ ದಿನದ ಮೀಟಿಂಗನ್ನು ಊಹಿಸಿಕೊಳ್ಳಿ. ‘ಇಫ್ ವಿ ಟೆಸ್ಟೆಡ್ ಇಟ್’ ಅಂದರೆ ಅದು ಸಲಹೆಯಂತೆ ಕೇಳಬಹುದು. ‘ಇಫ್ ವಿ ಹ್ಯಾಡ್ ಟೆಸ್ಟೆಡ್ ಇಟ್’ ಅಂದರೆ ಟೆಸ್ಟ್ ಮಾಡಿರಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ನಡುವೆ ಇರುವುದು ಒಂದೇ ‘ಹ್ಯಾಡ್’. ನಾವು ಬರೆಯುವ ಕೋಡ್‌ನ ‘ಇಫ್’ಗೆ ಈ ಸಂಕಟ ಇಲ್ಲ. 1957ರ ಫೋರ್ಟ್ರಾನ್‌ನ ‘ಇಫ್’ ಒಂದು ಸಂಖ್ಯೆ ಸೊನ್ನೆಗಿಂತ ಕಮ್ಮಿಯೋ, ಸೊನ್ನೆಯೋ, ಜಾಸ್ತಿಯೋ ನೋಡಿ ಮೂರು ದಾರಿಯಲ್ಲಿ ಒಂದನ್ನು ಹಿಡಿಯುತ್ತಿತ್ತು. ಆಗದೇ ಹೋದದ್ದರ ಬಗ್ಗೆ ಯೋಚಿಸುವುದು, ಹಳಹಳಿಸುವುದು ಮನುಷ್ಯರ ಭಾಷೆಗೆ ಮಾತ್ರ ಬರುತ್ತದೆ.

ಅಭ್ಯಾಸ ಮಾಡಬೇಕು ಅನ್ನುವವರಿಗೆ ನನ್ನ ಸಲಹೆ ಇಷ್ಟೇ. ದಿನಕ್ಕೆ ಮೂರು ‘ರೆ’ ವಾಕ್ಯ ಹಿಡಿಯಿರಿ. ಅಮ್ಮ ಫೋನಿನಲ್ಲಿ ಹೇಳಿದ್ದಾದರೂ ಆದೀತು, ಕಂಡಕ್ಟರ್ ಗದರಿದ್ದಾದರೂ ಆದೀತು. ಕೊನೆಯ ಕ್ರಿಯಾಪದವನ್ನು ಮೊದಲು ನೋಡಿ. ‘ತ್ತೇನೆ’, ‘ತ್ತದೆ’ ಇದ್ದರೆ ಬಾಗಿಲು ಇನ್ನೂ ತೆರೆದಿದೆ, ‘ವಿಲ್’ ಸಾಕು. ‘ತ್ತಿದ್ದೆ’, ‘ತ್ತಿತ್ತು’ ಇದ್ದು ಮಾತು ಹಳಹಳಿಕೆಯದ್ದಾದರೆ ‘ವುಡ್’. ಆಮೇಲೆ ಇವತ್ತಿನದೋ ನಿನ್ನೆಯದೋ ಎಂದು ಕೇಳಿಕೊಂಡು ಮೊದಲರ್ಧಕ್ಕೆ ಹೋಗಿ. ನಾಲ್ಕು ಡಬ್ಬಿಗಳ ಹೆಸರು ಮರೆತರೂ ನಡೆಯುತ್ತದೆ.

ಊರಿನ ಶಾಲೆಗಳಲ್ಲಿ ಈಗ ಇಂಗ್ಲಿಷ್ ಕಲಿಸುತ್ತಿರುವ ಮೇಷ್ಟ್ರು, ಟೀಚರುಗಳಿಗೂ ಇದನ್ನೇ ಹೇಳಬೇಕೆನಿಸುತ್ತದೆ. ಬೋರ್ಡಿನ ಮೇಲೆ ‘ಇಫ್’ ಬರೆಯುವ ಮೊದಲು ಪಕ್ಕದಲ್ಲೊಂದು ‘ಬಂದ್ರೆ’ ಬರೆಯಿರಿ. ತನಗೆ ಅರ್ಧ ಮೊದಲೇ ಗೊತ್ತಿದೆ ಅಂತ ತಿಳಿದ ಮಗು ಇನ್ನರ್ಧಕ್ಕೆ ಹೆದರುವುದಿಲ್ಲ.