ಕರುಳಿನ ಕ್ಯಾನ್ಸರ್: ಆಪರೇಷನ್ ಆದ ಮೇಲೂ ಐದು ವರ್ಷ ತಪಾಸಣೆ ಏಕೆ?

"ಗಡ್ಡೆ ಪೂರ್ತಿ ತೆಗೆದಿದ್ದೇವೆ" ಎಂದ ಡಾಕ್ಟರೇ "ಮೂರು ತಿಂಗಳು ಬಿಟ್ಟು ಬನ್ನಿ" ಎಂದಾಗ, ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಮನೆಯವರಿಗೆ ಬರುತ್ತದೆ. ಮುಚ್ಚಿಡುವಂಥದ್ದೇನಿಲ್ಲ. ಯಾವ ಸ್ಕ್ಯಾನಿಗೂ ಕಾಣದಷ್ಟು ಸಣ್ಣ ಕ್ಯಾನ್ಸರ್ ಕೋಶಗಳು ಆಪರೇಷನ್‌ಗೆ ಮೊದಲೇ ರಕ್ತದ ಜೊತೆ ಬೇರೆಡೆ ಹೋಗಿರಬಹುದು. ದೊಡ್ಡ ಕರುಳಿನ ರಕ್ತ ಮೊದಲು ಸೇರುವುದು ಲಿವರ್‌ಗೆ. ಕಾಯಿಲೆ ಹೆಚ್ಚಾಗಿ ಅಲ್ಲೇ ಮರುಕಳಿಸುತ್ತದೆ, ಅದೂ ಬಹುಪಾಲು ಮೊದಲ ಮೂರು ವರ್ಷಗಳಲ್ಲಿ. ಒಂದೆರಡು ಗಂಟುಗಳಿರುವಾಗಲೇ ಸಿಕ್ಕರೆ ಅವನ್ನೂ ತೆಗೆದು ಕೆಲವರನ್ನು ಗುಣಪಡಿಸಬಹುದು.

ಹೆಚ್ಚು ಗೊಂದಲ ಹುಟ್ಟಿಸುವುದು ಸಿಇಎ ಎಂಬ ರಕ್ತಪರೀಕ್ಷೆ. ಈ ಪ್ರೋಟೀನನ್ನು ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ವಿವರಿಸಿದರು. ಎರಡನೇ, ಮೂರನೇ ಹಂತದ ಕ್ಯಾನ್ಸರ್ ಇದ್ದವರಿಗೆ ಸಾಮಾನ್ಯವಾಗಿ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ 6 ತಿಂಗಳಿಗೊಮ್ಮೆ ಇದನ್ನು ನೋಡುತ್ತಾರೆ. ಸಿಇಎ ಏರಿತೆಂದರೆ ಕ್ಯಾನ್ಸರ್ ಮರಳಿತು ಎಂದೇ ಅಲ್ಲ. ಬೀಡಿ-ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ ಅದು ಹಾಗೆಯೇ ಹೆಚ್ಚಿರಬಹುದು. ಇನ್ನು ಕೆಲವು ಗಡ್ಡೆಗಳು ಸಿಇಎಯನ್ನು ಹೆಚ್ಚಿಸುವುದೇ ಇಲ್ಲ, ಆದ್ದರಿಂದ ನಾರ್ಮಲ್ ರಿಪೋರ್ಟ್ ಕೂಡ ಪೂರ್ಣ ಭರವಸೆಯಲ್ಲ. ಒಂದು ಸಂಖ್ಯೆಗಿಂತ ಅದು ಪ್ರತಿ ಸಲ ಏರುತ್ತಿದೆಯೇ ಎಂಬುದು ಮುಖ್ಯ. ಏರಿದಾಗ ಮೊದಲು ಮತ್ತೊಮ್ಮೆ ಪರೀಕ್ಷೆ, ಏರಿಕೆ ಖಚಿತವಾದರೆ ಸಿ.ಟಿ. ಸ್ಕ್ಯಾನ್. ಹಳೆಯ ರಿಪೋರ್ಟುಗಳನ್ನು, ಮುಖ್ಯವಾಗಿ ಆಪರೇಷನ್‌ಗೆ ಮುಂಚಿನದನ್ನು, ಎಸೆಯಬೇಡಿ.

ಹಾಗಾದರೆ ಎಷ್ಟು ಹೆಚ್ಚು ಪರೀಕ್ಷೆಯೋ ಅಷ್ಟು ಒಳ್ಳೆಯದೇ? ಬ್ರಿಟನ್ನಿನಲ್ಲಿ 1,202 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನಿಷ್ಠ ತಪಾಸಣೆಯ ಗುಂಪಿನಲ್ಲಿ ಮರುಕಳಿಸಿದ ಕಾಯಿಲೆಗೆ ಗುಣಪಡಿಸುವ ಉದ್ದೇಶದ ಆಪರೇಷನ್ ಸಾಧ್ಯವಾದದ್ದು ಶೇ. 2.3 ಜನರಿಗೆ, ನಿಯಮಿತ ಸಿಇಎ ಗುಂಪಿನಲ್ಲಿ ಶೇ. 6.7, ಸಿ.ಟಿ. ಗುಂಪಿನಲ್ಲಿ ಶೇ. 8. ಎರಡನ್ನೂ ಮಾಡಿದ ಗುಂಪಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ (ಶೇ. 6.6). ಬದುಕುಳಿದವರ ಪ್ರಮಾಣದಲ್ಲೂ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹೆದರಿ ತಿಂಗಳಿಗೊಮ್ಮೆ ಸ್ವಂತ ಖರ್ಚಿನಲ್ಲಿ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ. ಹಾಗೆಂದು ಹೇಳಿದ ದಿನ ತಪ್ಪಿಸುವುದೂ ಸರಿಯಲ್ಲ.

ಕೊಲೊನೋಸ್ಕೋಪಿಯ ಕೆಲಸ ಬೇರೆ. ಉಳಿದ ಕರುಳಿನಲ್ಲಿ ಹೊಸ ಪಾಲಿಪ್ ಹುಟ್ಟಿದೆಯೇ ಎಂದು ಅದು ನೋಡುತ್ತದೆ, ಸಿಕ್ಕರೆ ಅಲ್ಲೇ ತೆಗೆಯುತ್ತಾರೆ. ಮೊದಲನೆಯದು ಆಪರೇಷನ್ ಆಗಿ ಒಂದು ವರ್ಷಕ್ಕೆ. ಎಲ್ಲ ಸರಿಯಿದ್ದರೆ ಮುಂದಿನದು ಮೂರು ವರ್ಷಕ್ಕೆ, ನಂತರ ಐದು ವರ್ಷಕ್ಕೊಮ್ಮೆ. ನಡುವೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಹೋಗದ ಹೊಟ್ಟೆನೋವು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಡಾಕ್ಟರನ್ನು ಕಾಣಿ.