ನಾ. ಸು. ಹರ್ಡೀಕರ್ ಮತ್ತು ಹುಬ್ಬಳ್ಳಿಯ ಸೇವಾದಳ

ನಾರಾಯಣ ಸುಬ್ಬರಾವ್ ಹರ್ಡೀಕರ್ (1889–1970) ಹಿಂದೂಸ್ತಾನಿ ಸೇವಾದಳದ ಸ್ಥಾಪಕರು, ವೈದ್ಯರು, ಸ್ವಾತಂತ್ರ್ಯ ಹೋರಾಟಗಾರರು. ಹುಬ್ಬಳ್ಳಿಯ ಒಂದಿಷ್ಟು ತರುಣರನ್ನು ಕೂಡಿಸಿ ಅವರು ಕಟ್ಟಿದ ಪುಟ್ಟ ಮಂಡಳಿಯೇ ಮುಂದೆ ಅಖಿಲ ಭಾರತ ಮಟ್ಟದ ಸ್ವಯಂಸೇವಕ ಸಂಘಟನೆಗೆ ಮಾದರಿಯಾಯಿತು.

ಅವರು ಹುಟ್ಟಿದ್ದು 1889ರ ಮೇ 7ರಂದು, ಧಾರವಾಡ ಜಿಲ್ಲೆಯ ತಿರ್ಲಾಪುರದಲ್ಲಿ. ಕಲಕತ್ತೆಯಲ್ಲಿ ವೈದ್ಯಕೀಯ ಓದಿ, 1913ರಲ್ಲಿ ಅಮೆರಿಕಕ್ಕೆ ತೆರಳಿ, 1916ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿ ಓದಿನ ಜೊತೆಗೇ ಸಂಘಟನೆಯ ಕೆಲಸವೂ ಅವರಿಗೆ ಹತ್ತಿತು. ಲಾಲಾ ಲಜಪತರಾಯರು 1917ರಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಆರಂಭಿಸಿದಾಗ ಹರ್ಡೀಕರರು ಅವರ ಹತ್ತಿರದ ಸಹಕಾರಿಯಾದರು. ಲೀಗಿನ ಪತ್ರಿಕೆ ‘ಯಂಗ್ ಇಂಡಿಯಾ’ ಮರುವರ್ಷ ಹೊರಬಂತು. ಪರದೇಶದ ಸಭೆಗಳಲ್ಲಿ ಭಾರತದ ಪರವಾಗಿ ಜನಾಭಿಪ್ರಾಯ ಮೂಡಿಸುವ ಆ ಕೆಲಸದಲ್ಲಿ ಪಳಗಿದ ಮೇಲೆ, 1921ರಲ್ಲಿ ಅವರು ತಾಯ್ನಾಡಿಗೆ ಮರಳಿದರು.

ಅವರು ನೆಲೆ ನಿಂತದ್ದು ಹುಬ್ಬಳ್ಳಿಯಲ್ಲಿ. ಅಸಹಕಾರ ಚಳವಳಿಯ ಕಾವು ಇನ್ನೂ ಆರಿರಲಿಲ್ಲ. ಹುಮ್ಮಸ್ಸಿನ ಹುಡುಗರಿಗೂ ಕೊರತೆ ಇರಲಿಲ್ಲ. ಇಲ್ಲದ್ದು ಶಿಸ್ತು. ಅದನ್ನು ಕಲಿಸಲೆಂದೇ ಅವರು ಹುಬ್ಬಳ್ಳಿ ಸೇವಾ ಮಂಡಳವನ್ನು ಕಟ್ಟಿದರು.

ಮಂಡಳದ ಗಟ್ಟಿತನ ಒರೆಗೆ ಹಚ್ಚಲ್ಪಟ್ಟದ್ದು 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ. ತ್ರಿವರ್ಣ ಧ್ವಜ ಹಿಡಿದು ಮೆರವಣಿಗೆ ಹೊರಟವರನ್ನು ಪೊಲೀಸರು ಹಿಡಿಹಿಡಿದು ಸೆರೆಮನೆಗೆ ತಳ್ಳುತ್ತಿದ್ದರು. ಅಲ್ಲಿಯ ಕಷ್ಟ ತಾಳಲಾರದೆ ಬೇರೆ ಬೇರೆ ಕಡೆಯ ಎಷ್ಟೋ ಸ್ವಯಂಸೇವಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತುಕಡಿ ಮಾತ್ರ ಜಗ್ಗಲಿಲ್ಲ. ಈ ಸುದ್ದಿ ದೇಶದ ನಾಯಕರ ಕಿವಿಗೆ ಬಿತ್ತು. ಹುಬ್ಬಳ್ಳಿಯಂಥದೇ ಮಂಡಳಿ ದೇಶಕ್ಕೆಲ್ಲ ಏಕೆ ಬೇಡ ಎಂಬ ವಿಚಾರ ಹುಟ್ಟಿಕೊಂಡಿತು.

ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಜನ್ಮ ತಾಳಿತು. ಜವಾಹರಲಾಲ್ ನೆಹರೂ ಮೊದಲ ಅಧ್ಯಕ್ಷರು. ಸಂಘಟನೆಯ ಭಾರ ಹರ್ಡೀಕರರ ಹೆಗಲಿಗೆ. ಕವಾಯತು, ವ್ಯಾಯಾಮ, ಧ್ವಜವಂದನೆ ದಳದ ತರಬೇತಿಯಲ್ಲಿದ್ದವು. ಬಾಗಲಕೋಟೆಯಲ್ಲಿ ಅಂಗಸಾಧನೆಯ ಶಿಕ್ಷಣ ಕೇಂದ್ರವೊಂದು ನಡೆಯಿತು. ‘ದಿ ವಾಲಂಟಿಯರ್’ ಎಂಬ ಇಂಗ್ಲಿಷ್ ಪತ್ರಿಕೆಯೂ ಹೊರಟಿತು. ಸಾಲುಗಟ್ಟಿ ನಡೆಯುವ ಈ ಪಡೆ ಸೈನ್ಯದಂತಾಗಿ ಅಹಿಂಸೆಯ ಹಾದಿ ತಪ್ಪಿಸೀತೆಂದು ಕಾಂಗ್ರೆಸ್ಸಿನೊಳಗೇ ಕೆಲವರು ವಿರೋಧಿಸಿದರು. ಶಿಸ್ತಿಲ್ಲದ ಸತ್ಯಾಗ್ರಹ ಬಹಳ ದಿನ ಬಾಳದು ಎಂಬುದನ್ನು ಹರ್ಡೀಕರರು ನಾಗಪುರದಲ್ಲಿ ಕಣ್ಣಾರೆ ಕಂಡಿದ್ದರು. ಆಕ್ಷೇಪಗಳ ನಡುವೆಯೂ ಅವರು ಕೆಲಸ ನಿಲ್ಲಿಸಲಿಲ್ಲ.

1924ರ ಡಿಸೆಂಬರಿನ ಬೆಳಗಾವಿ ಅಧಿವೇಶನ ದಳಕ್ಕೆ ದೊರೆತ ದೊಡ್ಡ ಅವಕಾಶ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಕಾಂಗ್ರೆಸ್ ಅಧಿವೇಶನವದು. ಟಿಳಕವಾಡಿಯ ಬಯಲಿನಲ್ಲಿ ‘ವಿಜಯನಗರ’ವೆಂಬ ಹೆಸರಿನ ಬಿಡಾರ ಎದ್ದಿತ್ತು, ನೀರಿಗಾಗಿ ಹೊಸ ಬಾವಿಯನ್ನೇ ತೋಡಲಾಗಿತ್ತು. ಆ ‘ಕಾಂಗ್ರೆಸ್ ಬಾವಿ’ ಇಂದಿಗೂ ಅಲ್ಲಿದೆ. ಅಲ್ಲಿಯ ವ್ಯವಸ್ಥೆಗೆ ಉಮಾಬಾಯಿ ಕುಂದಾಪುರ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹುಬ್ಬಳ್ಳಿಗೆ ಬಂದಿದ್ದ ಉಮಾಬಾಯಿ, ಹರ್ಡೀಕರರ ಒತ್ತಾಸೆಯಿಂದ ಟಿಳಕ ಕನ್ಯಾ ಶಾಲೆಯ ಹೊಣೆ ಹೊತ್ತವರು. ದಳದ ಮಹಿಳಾ ವಿಭಾಗವನ್ನು ಮುನ್ನಡೆಸಿದವರೂ ಅವರೇ. ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಕಾಲದಲ್ಲಿ ವಿಧವೆಯರು ಸಾರ್ವಜನಿಕ ಕೆಲಸಕ್ಕೆ ಬಂದದ್ದು ಈ ಸಂಘಟನೆಯ ದೊಡ್ಡ ಸಾಧನೆ.

1931ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಘಟನೆಯಾಗಿ ಅಂಗೀಕರಿಸಿತು. ಮರುವರ್ಷವೇ ಬ್ರಿಟಿಷ್ ಸರ್ಕಾರ ಅದರ ಮೇಲೆ ನಿಷೇಧ ಹೇರಿತು.

ವೈದ್ಯರಾಗಿ ಹರ್ಡೀಕರರ ಆಸಕ್ತಿ ಬಾಡಲಿಲ್ಲ. ಘಟಪ್ರಭಾದ ಕರ್ನಾಟಕ ಆರೋಗ್ಯಧಾಮದೊಂದಿಗೆ ಅವರಿಗೆ ನಿಕಟ ಸಂಬಂಧವಿತ್ತು. 1952ರಿಂದ 1962ರವರೆಗೆ ರಾಜ್ಯಸಭಾ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. 1970ರ ಆಗಸ್ಟ್ 26ರಂದು ನಿಧನರಾದರು. ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರತಂದಿತು. ಅವರು ಕಟ್ಟಿದ ದಳ ‘ಕಾಂಗ್ರೆಸ್ ಸೇವಾದಳ’ ಎಂಬ ಹೆಸರಿನಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ.